ಗುಂಡಿ

ಬಸ್‌ಸ್ಟ್ಯಾಂಡಿನೆದುರು ಬೇಕರಿ, ಬೇಕರಿಯ ಮೇಲೆ ನಾನು.
ಕೆಳಗಿಂದ ದಿಲ್‌ಪಸಂದಿನ ಬಿಸಿ, ಕಿಟಕಿಯಿಂದ ಬೆಂದ ಹುಳದ ವಾಸನೆ.
ಶಿಡ್ಲಘಟ್ಟದಲ್ಲಿ ಹುಟ್ಟಿದವರಿಗೆ
ಇವೆರಡೂ ಹಸಿವೆಯೇ.

ರೀಲರುಗಳ ಸಂಘಕ್ಕೊಂದು ವೆಬ್ ಪುಟ ಮಾಡಿಕೊಟ್ಟಿದ್ದೆ:
ದಿನದ ಗೂಡಿನ ದರ, ಯಾವ ಲಾಟು ಯಾವ ಊರಿನದು,
ಮೇಲೆ ತಾನಾಗಿ ಸರಿಯುವ ಆರು ಚಿತ್ರ,
ದರ ಏರಿದರೆ ಹಸಿರು ಚುಕ್ಕೆ, ಇಳಿದರೆ ಕೆಂಪು.
ಕಾರ್ಯದರ್ಶಿ ಬೈರೆಡ್ಡಿ ಫೋನನ್ನು ದೂರಕ್ಕೆ ಹಿಡಿದು
"ಮದುವೆ ಆಲ್ಬಮ್ಮು ಇದ್ದಂಗಿದೆ" ಅಂದರು.
ಅದನ್ನು ನಾನು ಹೊಗಳಿಕೆ ಅಂದುಕೊಂಡೆ.

ಆಮೇಲೆ ಮೆಟ್ಟಿಲು ಹತ್ತಿ ಬಂದದ್ದು ಷಂಷಾದ್‌ಬಿ.
ಹದಿನೇಳು ಮೆಟ್ಟಿಲು, ಎಣಿಸಿಕೊಂಡೇ ಬಂದಳಂತೆ.
"ಹನ್ನೊಂದನೇದು ಗಿಡ್ಡ, ಯಾರನ್ನಾದರೂ ಬೀಳಿಸುತ್ತೆ ನೋಡು."
ಐದು ವರ್ಷದಿಂದ ಎಡವುತ್ತಿದ್ದೇನೆ,
ಯಾವುದೆಂದು ಗೊತ್ತಿರಲಿಲ್ಲ.

ನಾಲ್ಕು ಬಾಣಲೆಯ ನೂಲು ಬಿಚ್ಚಾಣಿಕೆ ಅವಳದು.
ಸಕ್ಕರೆ ಕಾಯಿಲೆ ಕಣ್ಣು ತಿಂದು ಒಂಬತ್ತು ವರ್ಷ.
ಬಿಸಿನೀರು ಬೆರಳ ಗೆರೆ ತಿಂದದ್ದು ಅದಕ್ಕೂ ಹಿಂದೆ;
ರೇಷನ್ ಅಂಗಡಿಯ ಯಂತ್ರ ಅವಳ ಹೆಬ್ಬೆಟ್ಟನ್ನು ಒಪ್ಪುವುದಿಲ್ಲ.
ಫೋನು ಮೇಜಿನ ಮೇಲಿಟ್ಟು ನನ್ನ ಪುಟ ತೆಗೆದಳು.
ಅವಳ ಫೋನು ಗಟ್ಟಿಯಾಗಿ ಓದುತ್ತದೆ. ಓದಿದ್ದು ಇಷ್ಟು:

ಚಿತ್ರ. ಚಿತ್ರ. ಐ ಎಂ ಜಿ ಎರಡು ಸೊನ್ನೆ ನಾಲ್ಕು.
ಗುಂಡಿ.
ಹೆಸರಿಲ್ಲದ ಗುಂಡಿ.
ಚಿತ್ರ.
ಗುಂಡಿ. ಗುಂಡಿ. ಗುಂಡಿ.

"ಪುರಸಭೆಯೋರು ತೋಡಿದ್ದು ಸಾಲ್ದು ಅಂತ
ನೀನೂ ತೋಡಿಟ್ಟಿದೀಯೇನಮ್ಮಾ?"
ನಾನು ನಗಲಿಲ್ಲ. ಅವಳು ನಕ್ಕಳು,
ಕೆಳಗೆ ಬೇಕರಿಯವನು ತಲೆಯೆತ್ತಿ ನೋಡುವಷ್ಟು.

ದರ ಎಲ್ಲಿ ಅಂದಳು. ಚಿತ್ರದೊಳಗಿದೆ ಅಂದೆ.
ಕರಿಹಲಗೆಯ ಫೋಟೋ ಹಾಕಿದ್ದೆ, ಸುಲಭವೆಂದು.
ಯಾರಿಗೆ ಸುಲಭ ಎಂದವಳು ಕೇಳಲಿಲ್ಲ,
ಕೇಳಿದ್ದರೆ ಚೆನ್ನಾಗಿತ್ತು.
ಒಳಹೋಗಲು ಸೊಟ್ಟಸೊಟ್ಟ ಅಕ್ಷರ ಗುರುತಿಸಬೇಕಿತ್ತು,
ನೀವು ಮನುಷ್ಯರೆಂದು ಖಾತ್ರಿಪಡಿಸಿ, ಎನ್ನುತ್ತಿತ್ತು ಪುಟ.
ಮೂರು ಸಲ ಕೇಳಿಸಿಕೊಂಡು
"ಇವನ್ಯಾರು ಕೇಳೋಕೆ" ಅಂದಳು, ಸಣ್ಣಗೆ.
ಆಗ ನಗು ಇರಲಿಲ್ಲ.

ಸರಿಯುವ ಚಿತ್ರಗಳನ್ನು ಆ ರಾತ್ರಿಯೇ ನಿಲ್ಲಿಸಿದೆ.
ಅಂಕಿಗಳನ್ನು ಫೋಟೋದಿಂದ ಬಿಡಿಸಿ ಅಂಕಿಗಳಾಗಿ ಬರೆದೆ.
ಚುಕ್ಕೆಯ ಪಕ್ಕ ಏರಿಕೆ, ಇಳಿಕೆ ಎಂದು ಬರೆದಾಗ
ಬೈರೆಡ್ಡಿ ಬಾಗಿಲು ಮುಂದೆಮಾಡಿ ಒಪ್ಪಿಕೊಂಡರು:
ಕೆಂಪು ಹಸಿರು ಎರಡೂ ಅವರಿಗೆ ಹುಣಸೆಹಣ್ಣಿನ ಬಣ್ಣ,
ಇಷ್ಟು ದಿನ ಸುಮ್ಮನೆ ತಲೆಯಾಡಿಸಿದ್ದಂತೆ.

ಗೂಡಿನ ಚಿತ್ರಕ್ಕೂ ನಾಲ್ಕು ಮಾತು ಬೇಕಲ್ಲ,
"ತಟ್ಟೆಯಲ್ಲಿ ಬಿಳಿ ಗೂಡುಗಳು" ಎಂದು ಬರೆದುಕೊಂಡು
ಅವಳ ಶೆಡ್ಡಿಗೆ ಹೋಗಿ ಓದಿದೆ.

"ಬಿಳಿ ಇಟ್ಕೊಂಡು ಏನ್ಮಾಡ್ಲಿ?
ಅಲ್ಲಾಡಿಸಿದ್ರೆ ಸದ್ದು ಬರುತ್ತಾ? ಒತ್ತಿದ್ರೆ ತಗ್ಗುತ್ತಾ?
ಹುಳ ಒಳಗೇ ಸತ್ತು ಅಂಟಿದೆಯಾ?
ಅದನ್ನ ಬರಿ."
ನನ್ನ ಅಂಗೈಯಲ್ಲೊಂದು ಗೂಡು ಇಟ್ಟು
ಆ ಕೈಯನ್ನು ನನ್ನದೇ ಕಿವಿಗೆ ಒಯ್ದಳು.
ಒಣಗಿದ ಅವರೆಕಾಯೊಳಗೆ ಒಂಟಿ ಕಾಳಿನ ಸದ್ದು.
ಎಷ್ಟು ವರ್ಷದಿಂದ ಗೂಡಿನ ಫೋಟೋ ತೆಗೆಯುತ್ತಿದ್ದೇನೆ ನಾನು!

ಬಾಣಲೆಯಲ್ಲಿ ಗೂಡುಗಳು ಹೊರಳುತ್ತಿದ್ದವು.
ಅವಳು ಕುಂಚ ಆಡಿಸಿ, ಹಬೆಯೊಳಗೆ ಬೆರಳಿಟ್ಟು,
ಎಳೆಯ ತುದಿ ಹಿಡಿದಳು. ನನಗೆ ಏನೂ ಕಾಣಲಿಲ್ಲ.
"ತುದಿ ಸಿಕ್ಕರೆ ಮಿಕ್ಕಿದ್ದು ತಾನೇ ಬರುತ್ತೆ.
ಸಿಗಲಿಲ್ಲ ಅಂದ್ರೆ ಅಷ್ಟೂ ಕಸ."
ನೂಲಿನ ಮಾತಷ್ಟೇ ಆಡಿದ್ದು ಅವಳು.

ಈಗ ಹನ್ನೊಂದೂವರೆ. ಬೇಕರಿಯ ಒಲೆ ಆರಿದೆ.
ಪರದೆ ಆರಿಸಿ, ಕಿವಿಗೆ ತಂತಿ ಸಿಕ್ಕಿಸಿ
ಟ್ಯಾಬ್ ಕೀಲಿ ಒತ್ತುತ್ತ ಕೂತಿದ್ದೇನೆ.

ಇಂದಿನ ದರ, ಶೀರ್ಷಿಕೆ.
ಹಳದಿ ಗೂಡು, ಕಿಲೋಗೆ ನಾನ್ನೂರ ಹನ್ನೆರಡು, ಏಳು ರೂಪಾಯಿ ಏರಿಕೆ.
ಲಾಟುಗಳನ್ನು ನೋಡಿ, ಗುಂಡಿ.
ಸಂಘಕ್ಕೆ ಕರೆ ಮಾಡಿ, ಗುಂಡಿ.
ಗೂಡಿನ ಚಿತ್ರ: ಗಟ್ಟಿ, ಒಣ, ಅಲ್ಲಾಡಿಸಿದರೆ ಸದ್ದು ಮಾಡುವುದು.
ಹೆಸರಿಲ್ಲದ ಗುಂಡಿ.

ಯಾವುದಿದು? ನಾನೇ ಇಟ್ಟದ್ದು,
ಯಾಕಿಟ್ಟೆನೋ ನೆನಪಿಲ್ಲ.
ಪರದೆ ಹೊತ್ತಿಸಿ ನೋಡಿದರೆ ಒಂದು ಕ್ಷಣದ ಕೆಲಸ.
ಹೊತ್ತಿಸುವುದಿಲ್ಲ.
ಮೇಲಿನಿಂದ ಮತ್ತೆ ಒತ್ತುತ್ತ ಬರುತ್ತೇನೆ,
ಎಣಿಸಿಕೊಂಡು.